ಅನಾನಸ್ ಬೆಲೆ ಬೀಳುವುದು ಐದು ತಿಂಗಳು ಮೊದಲೇ ಗೊತ್ತಿರುತ್ತದೆ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಅನಾನಸ್ ಬೆಲೆ ಕುಸಿದಾಗಲೆಲ್ಲ ಹೊಲದಲ್ಲೇ ಕೊಳೆಯುತ್ತಿರುವ ಹಣ್ಣಿನ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಜೊತೆಗೆ ಬನವಾಸಿ ಭಾಗಕ್ಕೆ ದೊಡ್ಡದೊಂದು ಸಂಸ್ಕರಣಾ ಘಟಕ ಬೇಕೆಂಬ ಒತ್ತಾಯವೂ ಬರುತ್ತದೆ. ಒಂದೆರಡು ವರ್ಷ ಕಳೆದರೆ ಮತ್ತೆ ಅದೇ ಚಿತ್ರ, ಅದೇ ಒತ್ತಾಯ. ವರದಾ ನದಿಯ ದಡದ ಹಳ್ಳಿಯೊಂದರಲ್ಲಿ ಮೂರು ತಲೆಮಾರಿನಿಂದ ಅನಾನಸ್ ಬೆಳೆದುಕೊಂಡು ಬಂದ ಮನೆಯವನಾದ ನಾನು ಘಟಕ ಬೇಡವೆಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಉಳಿದ ಎಷ್ಟೋ ಬೆಳೆಗಳಲ್ಲಿ ಬೆಲೆ ಯಾವಾಗ ಬೀಳುತ್ತದೆಂದು ಜೋಯಿಸರನ್ನೇ ಕೇಳಬೇಕು; ಅನಾನಸ್ ಬೆಳೆಯಲ್ಲಿ ಮಾತ್ರ ಅದು ಐದು ತಿಂಗಳು ಮೊದಲೇ, ಹೆಚ್ಚುಕಡಿಮೆ ವಾರದ ಲೆಕ್ಕದಲ್ಲಿ ಗೊತ್ತಾಗುತ್ತದೆ. ಗೊತ್ತಾಗುವುದನ್ನು ಬರೆದಿಡುವವರು ಯಾರೂ ಇಲ್ಲದ್ದರಿಂದ ನಾವು ಪ್ರತಿ ಸಲವೂ ಅದನ್ನು ಆಕಸ್ಮಿಕವೆಂದು ಕರೆಯುತ್ತಿದ್ದೇವೆ. ನನ್ನ ತಕರಾರು ಇರುವುದು ಇಲ್ಲಿ.

ಬೆಳೆಯ ಪರಿಚಯವಿಲ್ಲದ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಪೋರ್ಚುಗೀಸರು ಈ ಹಣ್ಣನ್ನು ನಮ್ಮ ದೇಶಕ್ಕೆ ತಂದು 400 ವರ್ಷಗಳ ಮೇಲಾಯಿತು. ಅನಾನಸ್ ಎಂಬ ಹೆಸರು ಬಂದದ್ದೂ ಅವರ ಬಾಯಿಂದಲೇ. ನಮ್ಮ ಮನೆಗೆ ಅದು ಬಂದದ್ದು ನನ್ನ ಅಜ್ಜನ ಕಾಲದಲ್ಲಿ. ಸೊರಬದ ಕಡೆ ಕೊಟ್ಟಿದ್ದ ಅಕ್ಕನ ಮನೆಗೆ ಹೋದವರು ಬರುವಾಗ ಎತ್ತಿನ ಗಾಡಿಯಲ್ಲಿ ಒಂದಿಷ್ಟು ಕಂದು (ಗಿಡದ ಬುಡದಲ್ಲಿ ಏಳುವ ಮರಿ) ಹೇರಿಕೊಂಡು ಬಂದು, ಮನೆಯ ಹಿಂದಿನ ಬ್ಯಾಣದ (ಹುಲ್ಲುಗಾವಲಿನ) ಇಳಿಜಾರಿನಲ್ಲಿ, ಭತ್ತಕ್ಕೂ ಅಡಿಕೆಗೂ ಒದಗದ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೆಟ್ಟರು. ಆ ಮಣ್ಣಿಗೆ ಹುಳಿ ಗುಣವಿದೆ, ನೀರು ನಿಲ್ಲುವುದಿಲ್ಲ. ಅನಾನಸ್ ಬೇಡುವುದೂ ಅಂಥ ಮಣ್ಣನ್ನೇ. ಮೂರ್ನಾಲ್ಕು ವರ್ಷಗಳಲ್ಲಿ ನಮ್ಮ ಬುಡದಲ್ಲಿ ಎದ್ದ ಕಂದು ಕೇರಿಯ ಹನ್ನೊಂದೂ ಮನೆಗಳಿಗೆ ಹೋಯಿತು. ಬಾಳೆಕಂದಿಗೂ ವೀಳ್ಯದೆಲೆಯ ಬಳ್ಳಿಗೂ ದುಡ್ಡು ತೆಗೆದುಕೊಳ್ಳಬಾರದು ಎಂಬ ಅಜ್ಜಿಯ ಕಟ್ಟಳೆ ಇದಕ್ಕೂ ಅನ್ವಯಿಸಿತ್ತು. ಈಗ ನಮ್ಮ ಕೇರಿಯ ಯಾರ ಹೊಲಕ್ಕೆ ಹೋಗಿ ನಿಂತರೂ ಅಲ್ಲಿರುವ ಕ್ಯೂ ತಳಿಯ ಗಿಡ ಆ ಒಂದು ಗಾಡಿಯ ಸಂತಾನವೇ ಆಗಿರುವ ಸಂಭವ ಹೆಚ್ಚು. ನೆಡುವ ದಿನ ಒಬ್ಬರಿಗೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದರು, ಕೊಯ್ಲಿಗೂ ಹಾಗೆಯೇ.

ಅಜ್ಜನ ಕಾಲದಲ್ಲಿ ಹಣ್ಣು ಯಾವಾಗ ಬರಬೇಕೆಂಬುದನ್ನು ಹವೆಯೇ ತೀರ್ಮಾನಿಸುತ್ತಿತ್ತು. ಅನಾನಸ್ ಗಿಡವನ್ನು ಅದರ ಪಾಡಿಗೆ ಬಿಟ್ಟರೆ ಹಗಲು ಮೊಟಕಾಗಿ ರಾತ್ರಿ ತಂಪೇರುವ ಚಳಿಗಾಲದಲ್ಲಿ ಹೂ ತೋರಿಸುತ್ತದೆ, ಮಳೆಗಾಲದ ಆಸುಪಾಸಿನಲ್ಲಿ ಹಣ್ಣು ಕೊಡುತ್ತದೆ. ಆದರೆ ಎಲ್ಲ ಗಿಡವೂ ಒಟ್ಟಿಗೆ ಹೂ ಬಿಡುವುದಿಲ್ಲ. ಒಂದೇ ದಿನ ನೆಟ್ಟ ಸಾಲಿನಲ್ಲೇ ಒಂದು ಗಿಡ ಜನವರಿಯಲ್ಲಿ, ಪಕ್ಕದ್ದು ಮಾರ್ಚಿನಲ್ಲಿ ಕೆಂಪು ಮೊಗ್ಗು ತೋರಿಸಬಹುದು. ಕೆಲವು ಆ ವರ್ಷ ಹೂವನ್ನೇ ಬಿಡದಿರಬಹುದು. ಬೆಳೆಗಾರನಿಗೆ ಇದು ದೊಡ್ಡ ಕಿರಿಕಿರಿ. ದಿನವೂ ಸಾಲು ಸುತ್ತಿ, ತೋಳಿಗೆ ಎಲೆಯ ಗೀರು ಮಾಡಿಕೊಂಡು, ಬಲಿತ ನಾಲ್ಕು ಕಾಯಿ ಹುಡುಕಿ ತಂದು ಬುಟ್ಟಿಯಲ್ಲಿಟ್ಟು ಶಿರಸಿ ಪೇಟೆಗೆ ಒಯ್ಯಬೇಕಿತ್ತು. ಆದರೆ ಆ ಕಿರಿಕಿರಿಯೊಳಗೆ ಒಂದು ಅನುಕೂಲ ಅಡಗಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಊರಿನ ಹಣ್ಣೆಲ್ಲ ಒಂದೇ ವಾರ ಪೇಟೆಗೆ ಬೀಳುವುದು ಆಗ ಸಾಧ್ಯವೇ ಇರಲಿಲ್ಲ.

ಅಪ್ಪನ ಕಾಲಕ್ಕೆ, ಬೇಕೆಂದಾಗ ಗಿಡಕ್ಕೆ ಹೂ ಬರಿಸುವ ಕಾರ್ಬೈಡ್ ಬಂತು. ಬೆಳಗಿನ ಜಾವ ಎಲೆಗಳ ನಡುವಿನ ಕುಳಿಯಲ್ಲಿ ಇಬ್ಬನಿ ನೀರು ನಿಂತಿರುವಾಗಲೇ ಅಪ್ಪ ತೆಂಗಿನ ಕರಟದಲ್ಲಿ ಕಾರ್ಬೈಡಿನ ಪುಡಿ ಹಿಡಿದು ಹೊರಡುತ್ತಿದ್ದರು. ಗಿಡಕ್ಕೊಂದು ಚಿಟಿಕೆ ಹಾಕಿ ಮುಂದಿನ ಗಿಡಕ್ಕೆ ಬಾಗುವಷ್ಟರಲ್ಲಿ ಹಿಂದಿನದರಲ್ಲಿ ನೀರು ಸುಯ್ಯೆಂದು ನೊರೆಯೇಳುತ್ತಿತ್ತು. ನೀರಿನ ತಂಬಿಗೆ ಹಿಡಿದು ಹಿಂದೆ ಹೋಗುತ್ತಿದ್ದ ನನಗೆ ಆ ವಾಸನೆ ಇಂದಿಗೂ ಮೂಗಿನಲ್ಲಿದೆ. ಆ ಕೆಲಸ ನಿಧಾನದ್ದು. ಬೆಳಗಿನ ಹೊತ್ತಿನಲ್ಲಿ ಒಬ್ಬ ಮನುಷ್ಯ ಎಷ್ಟು ಗಿಡ ಮುಟ್ಟಬಲ್ಲನೋ ಅಷ್ಟಕ್ಕೆ ಮಾತ್ರ ಹೂ ಬರುತ್ತಿದ್ದುದರಿಂದ ಹೊಲ ತಾನಾಗಿಯೇ ಸರದಿಯಲ್ಲಿ ಹಣ್ಣಾಗುತ್ತಿತ್ತು.

ನನ್ನ ಕಾಲಕ್ಕೆ ಎಥ್ರೆಲ್ ಬಂತು. ನಾವು ಹೂವಿನ ಔಷಧಿ ಎನ್ನುತ್ತೇವೆ. 200 ಲೀಟರಿನ ಒಂದು ಡ್ರಮ್ಮು ನೀರಿಗೆ ಹದಿಮೂರು ಮಿಲಿಲೀಟರಿನಷ್ಟು ಎಥ್ರೆಲ್, ನಾಲ್ಕು ಕಿಲೋ ಯೂರಿಯಾ, ಎಂಬತ್ತು ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿ, ಮೂವತ್ತೈದು ನಲವತ್ತು ಎಲೆ ಬಲಿತ ಗಿಡದ ಸುಳಿಗೆ 50 ಮಿಲಿಲೀಟರಿನಂತೆ ಬಿಟ್ಟರೆ ಒಂದು ಡ್ರಮ್ಮಿನಲ್ಲಿ 4,000 ಗಿಡ ಮುಗಿಯುತ್ತದೆ. (ಶಿಫಾರಸು ಇಷ್ಟೆ. ಬಾಟಲಿಯ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವವರೇ ಹೆಚ್ಚೆಂಬುದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ನಾನೂ ಹಾಗೆ ಸುರಿದವನೇ.) ಒತ್ತಾಗಿ ನೆಟ್ಟ ಎಕರೆಗೆ 16,000ದಿಂದ 17,000 ಗಿಡ ಹಿಡಿಯುತ್ತದೆಂದು ಇಟ್ಟುಕೊಂಡರೂ ಇಬ್ಬರು ಆಳು ಒಂದೆರಡು ದಿನದಲ್ಲಿ ಎಕರೆ ಮುಗಿಸುತ್ತಾರೆ. ಸುಮಾರು ನಲವತ್ತು ದಿನಕ್ಕೆ ಹೊಲದ ತುಂಬ ಒಂದೇ ಎತ್ತರದ ಕೆಂಪು ಹೂ. ಔಷಧಿ ಬಿಟ್ಟ ದಿನದಿಂದ ಐದೂವರೆ ಆರು ತಿಂಗಳಿಗೆ ಕೊಯ್ಲು. ಬಿಸಿಲು ಮಳೆಯಿಂದ ಹತ್ತು ಹದಿನೈದು ದಿನ ಆಚೀಚೆ ಆಗಬಹುದು, ಅದಕ್ಕಿಂತ ಹೆಚ್ಚಲ್ಲ. ಅಂದರೆ ಇಂದು ಯಾವ ಊರಿನಲ್ಲಿ ಎಷ್ಟು ಡ್ರಮ್ಮು ಖಾಲಿಯಾಯಿತು ಎಂದು ಎಣಿಸಿದವನಿಗೆ ಐದಾರು ತಿಂಗಳ ಮೇಲೆ ಎಷ್ಟು ಲಾರಿ ಹಣ್ಣು ಹೊರಡುತ್ತದೆಂದು ಹೇಳಲು ಯಾವ ವಿದ್ಯೆಯೂ ಬೇಕಿಲ್ಲ.

ಆದರೂ ಎಲ್ಲರೂ ಒಂದೇ ವಾರ ಏಕೆ ಔಷಧಿ ಬಿಡುತ್ತಾರೆ? ಇದಕ್ಕೆ ರೈತರ ದಡ್ಡತನ ಕಾರಣವಲ್ಲ. ನಮ್ಮ ಹಣ್ಣಿನ ದೊಡ್ಡ ಪಾಲು ಹೋಗುವುದು ಉತ್ತರ ಭಾರತಕ್ಕೆ. ಲಾರಿಯ ತಳಕ್ಕೆ ಭತ್ತದ ಹುಲ್ಲು ಹಾಸಿ, ಜುಟ್ಟು ಮುರಿಯದಂತೆ ಕಾಯಿ ಜೋಡಿಸಿ ರಾತ್ರಿ ಹೊರಟರೆ ದೆಹಲಿಯ ಆಜಾದಪುರ ಮಂಡಿ ಮುಟ್ಟಲು ಮೂರು ನಾಲ್ಕು ದಿನ ಬೇಕು. ಅಲ್ಲಿನ ಬೇಡಿಕೆ ರಂಜಾನಿಗೆ, ನವರಾತ್ರಿಯ ಉಪವಾಸಕ್ಕೆ, ಬಿಹಾರಿಗಳ ಛಠ್ ಪೂಜೆಗೆ ಏರುತ್ತದೆ. ವ್ಯಾಪಾರಿ ಊರಿಗೆ ಬಂದು ಇಂಥ ಹಬ್ಬದ ಹೊತ್ತಿಗೆ ಕಾಯಿ ಬೇಕೆಂದು ಮುಂಗಡ ಕೊಟ್ಟು ಹೋಗುತ್ತಾನೆ. ಅದೇ ಮಾತನ್ನು ಪಕ್ಕದ ಊರಿನಲ್ಲೂ, ನದಿಯಾಚೆ ಆನವಟ್ಟಿಯ ಕಡೆಯೂ, ಹಾನಗಲ್ಲಿನ ಕಡೆಯೂ ಆಡಿರುತ್ತಾನೆ. ಅದರ ಮೇಲೆ ಮಳೆಯ ಕಾಟ: ಔಷಧಿ ಬಿಟ್ಟ ಕೆಲವೇ ತಾಸಿನಲ್ಲಿ ಮಳೆ ಹೊಡೆದರೆ ಸುಳಿಯಲ್ಲಿದ್ದದ್ದು ತೊಳೆದುಹೋಗಿ ಇಡೀ ಕೆಲಸ ಮತ್ತೆ ಮಾಡಬೇಕಾಗುವುದರಿಂದ ಮುಂಗಾರು ಹಿಡಿಯುವ ಮೊದಲು ಎಲ್ಲರಿಗೂ ಒಂದೇ ಅವಸರ. ಹೀಗೆ ಒಬ್ಬೊಬ್ಬರೂ ಜಾಣತನದಿಂದಲೇ ಮಾಡಿದ ಲೆಕ್ಕಗಳೆಲ್ಲ ಒಂದೇ ವಾರಕ್ಕೆ ಬಂದು ಬೀಳುತ್ತವೆ. ಎರಡಂಕಿಯಲ್ಲಿದ್ದ ಕಿಲೋ ಬೆಲೆ ಒಂದಂಕಿಗೆ ಇಳಿದಾಗ ಮುಂಗಡ ಕೊಟ್ಟ ವ್ಯಾಪಾರಿಯ ಫೋನು ಹತ್ತುವುದಿಲ್ಲ.

2020ರ ವರ್ಷವನ್ನು ಇದಕ್ಕೆ ಉದಾಹರಣೆಯಾಗಿ ಹೇಳುವುದು ಪೂರ್ತಿ ನ್ಯಾಯವಲ್ಲ, ಏಕೆಂದರೆ ಮಾರ್ಚ್ 25ರಿಂದ ಇಡೀ ದೇಶವೇ ಬಾಗಿಲು ಹಾಕಿಕೊಂಡಿತ್ತು. ಆದರೆ ಆ ಬೇಸಿಗೆ ನನಗೆ ಕಲಿಸಿದ್ದನ್ನು ಹೇಳದೆ ಇರಲಾರೆ. ನಮ್ಮದು ಮೂರೆಕರೆ, ರಂಜಾನಿನ ಲೆಕ್ಕ ಹಾಕಿ ಒಂದೇ ವಾರ ಔಷಧಿ ಬಿಟ್ಟದ್ದು, ಏಪ್ರಿಲಿನಲ್ಲಿ ಅಷ್ಟೂ ಒಟ್ಟಿಗೆ ಬಲಿಯಿತು. ಹತ್ತು ದಿನ ಹಸಿರಾಗಿದ್ದ ಇಳಿಜಾರು ಬುಡದಿಂದ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಮನೆಯ ಜಗಲಿಯವರೆಗೂ ಹುಳಿಹೆಂಡದಂಥ ವಾಸನೆ ಹಬ್ಬಿತು. ಕಣಜದ ಹುಳಗಳ ಸದ್ದಿಗೆ ಮಧ್ಯಾಹ್ನ ಹೊಲಕ್ಕೆ ಇಳಿಯಲು ಅಂಜಿಕೆಯಾಗುತ್ತಿತ್ತು. ಬೇಕಾದವರು ಕಿತ್ತುಕೊಂಡು ಹೋಗಿ ಎಂದು ಸಾರಿದರೂ ಎಲ್ಲರ ಹಿತ್ತಲಲ್ಲೂ ಅದೇ ಇದ್ದಾಗ ಕೀಳುವವರು ಯಾರು? ಪಕ್ಕದ ಹೊಲ ನಮ್ಮ ಚಿಕ್ಕಪ್ಪನದು. ಆಳು ಸಿಗದೆ ಅವರು ನಾಲ್ಕು ತುಂಡು ಮಾಡಿ, ತಿಂಗಳಿಗೊಂದು ತುಂಡಿನಂತೆ ಔಷಧಿ ಬಿಟ್ಟಿದ್ದರು. ನಾವೆಲ್ಲ ಅವರನ್ನು ಸೋಮಾರಿಯೆಂದು ಆಡಿಕೊಂಡಿದ್ದೆವು. ಅವರ ಒಂದು ತುಂಡು ಹಾಳಾಯಿತು, ಇನ್ನೊಂದು ಅರ್ಧ ಬೆಲೆಗೆ ಹೋಯಿತು, ಲಾರಿ ಓಡಾಟ ಶುರುವಾದ ಮೇಲೆ ಬಲಿತ ಉಳಿದೆರಡು ಅವರ ಆ ವರ್ಷದ ಸಾಲವನ್ನು ತೀರಿಸಿದವು.

ಈಗ ಘಟಕದ ವಿಚಾರಕ್ಕೆ ಬರುತ್ತೇನೆ. ನಮ್ಮ ಭಾಗದಲ್ಲಿ ಹಣ್ಣನ್ನು ಹೋಳು ಮಾಡಿ ಡಬ್ಬಿಗೆ ಹಾಕುವ, ರಸ ತೆಗೆಯುವ ಘಟಕಗಳು ಇಲ್ಲವೆಂದಲ್ಲ, ಇವೆ. ಇನ್ನೂ ಬಂದರೆ ಸಂತೋಷವೇ. ಕ್ಯೂ ತಳಿಯ ಎರಡು ಮೂರು ಕಿಲೋ ತೂಗುವ ಕಾಯಿ ಡಬ್ಬಿಗೇ ಹೇಳಿ ಮಾಡಿಸಿದ್ದು. ಆದರೆ ಘಟಕ ಕೇಳುವುದು ಜುಟ್ಟು ತೆಗೆದ, ಗಿಡದಲ್ಲೇ ಹಣ್ಣಾದ ಕಾಯನ್ನು, ಅದೂ ಲಾರಿಯವನು ಕೊಡುವುದಕ್ಕಿಂತ ಕಡಿಮೆ ಬೆಲೆಗೆ. ಪೇಟೆ ಚೆನ್ನಾಗಿದ್ದಾಗ ನಾವು ಅಲ್ಲಿಗೆ ಕೊಡುವುದಿಲ್ಲ, ಪೇಟೆ ಬಿದ್ದಾಗ ಎಲ್ಲರೂ ಅಲ್ಲಿಗೇ ಓಡುತ್ತೇವೆ. ಒಮ್ಮೆ ಅಂಥ ಬಿದ್ದ ವಾರದಲ್ಲಿ ಒಂದು ಘಟಕದ ಗೇಟಿನೆದುರು ಒಂದೂವರೆ ದಿನ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಕಾದು, ಅಡಿಯ ಹಣ್ಣು ಒಡೆದು ರಸ ಸೋರತೊಡಗಿದ ಮೇಲೆ ಅವರು ಕೇಳಿದ ತೂಕ ಕಡಿತಕ್ಕೆ ತಲೆಯಾಡಿಸಿ ಬಂದಿದ್ದೇನೆ. ಅವರನ್ನೂ ದೂರುವಂತಿಲ್ಲ, ಎರಡು ವಾರ ಮೈತುಂಬ ಕೆಲಸ, ಮತ್ತೆ ಎರಡು ತಿಂಗಳು ಖಾಲಿ ಕೂರುವ ಯಂತ್ರಕ್ಕೆ ಯಾರು ಬಂಡವಾಳ ಹಾಕುತ್ತಾರೆ? ಸರದಿಯಲ್ಲಿ ಹಣ್ಣು ಬಾರದ ಊರಿನಲ್ಲಿ ಘಟಕವೂ ಬದುಕುವುದಿಲ್ಲ. ಘಟಕಕ್ಕಿಂತ ಮೊದಲು ಸರದಿ ಬೇಕೆಂದು ನಾನು ಹೇಳುತ್ತಿರುವುದು ಇದಕ್ಕೇ.

ಕೇರಳದ ಎರ್ನಾಕುಲಂ ಜಿಲ್ಲೆಯ ವಾಳಕ್ಕುಳಂ ಎಂಬಲ್ಲಿನ ಅನಾನಸ್ಸಿಗೆ 2009ರಲ್ಲೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅವರದು ಮಾರಿಷಸ್ ತಳಿ. ಕಾಯಿ ಚಿಕ್ಕದು, ಎಲೆಯಂಚಿಗೆಲ್ಲ ಮುಳ್ಳು, ಆದರೆ ಸಿಹಿ ಹೆಚ್ಚು, ದೂರದ ಪ್ರಯಾಣವನ್ನೂ ತಾಳುತ್ತದೆ. ಅಲ್ಲಿನ ಬೆಳೆಗಾರರು ರಬ್ಬರ್ ಮರು ನೆಡುವ ತೋಟಗಳ ನಡುವೆ ಅನಾನಸ್ ಹಾಕುತ್ತಾರೆ. ನಮ್ಮ ಮಲೆನಾಡಿಗೂ ಬಂದು ಮೂರ್ನಾಲ್ಕು ವರ್ಷಕ್ಕೆ ಜಮೀನು ಲೀಸಿಗೆ ಹಿಡಿಯುತ್ತಾರೆ. ಹೊರಗಿನವರು ಬಂದು ಮಣ್ಣು ಹೀರಿ ಹೋಗುತ್ತಾರೆಂದು ನಮ್ಮಲ್ಲಿ ಗೊಣಗಾಟವಿದೆ, ಅದರಲ್ಲಿ ಸತ್ಯವೂ ಇದೆ. ಇಳಿಜಾರಿಗೆ ಅಡ್ಡಲಾಗಿ ಅಗಳ ಹೊಡೆಯದೆ ನೆಟ್ಟು ಹೋದ ಹೊಲಗಳಲ್ಲಿ ಎರಡು ಮಳೆಗಾಲಕ್ಕೆ ಮೇಲ್ಮಣ್ಣು ಹಳ್ಳ ಸೇರಿದ್ದನ್ನು ಕಂಡಿದ್ದೇನೆ. ಆದರೆ ಅವರಿಂದ ಕಲಿಯುವುದೂ ಇದೆ. ನಮ್ಮ ಊರಿನಲ್ಲಿ ಹತ್ತೆಕರೆ ಹಿಡಿದಿದ್ದ ಒಬ್ಬರು ಅದನ್ನು ಹದಿನೈದು ತುಂಡು ಮಾಡಿ, ಪ್ರತಿ ತುಂಡಿನ ಮೂಲೆಗೆ ಒಂದು ಬಿದಿರು ಗೂಟ ನೆಟ್ಟು, ಅದರ ಮೇಲೆ ಔಷಧಿ ಬಿಟ್ಟ ತಾರೀಖು ಬರೆದಿದ್ದರು. ಅವರ ಹೊಲದಲ್ಲಿ ಕಾಯಿ ಇಲ್ಲದ ತಿಂಗಳನ್ನು ನಾನು ನೋಡಲಿಲ್ಲ. ಹತ್ತೆಕರೆ ಒಬ್ಬನ ಕೈಯಲ್ಲಿದ್ದಾಗ ಆಗುವ ಕೆಲಸ ಅದೇ ಹತ್ತೆಕರೆ ಹನ್ನೊಂದು ಅಣ್ಣತಮ್ಮಂದಿರ ಕೈಯಲ್ಲಿದ್ದಾಗ ಏಕೆ ಆಗುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದು ಆ ಗೂಟಗಳನ್ನು ಕಂಡ ಮೇಲೆ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಮೂರು ವರ್ಷದ ಹಿಂದೆ ನಮ್ಮ ಕೇರಿಯ ಹನ್ನೊಂದು ಮನೆಯವರೂ ಚೌತಿಯ ಮರುದಿನ ನಮ್ಮ ಜಗಲಿಯಲ್ಲಿ ಕುಳಿತು, ಯಾರ ಯಾವ ತುಂಡಿಗೆ ಯಾವ ತಿಂಗಳು ಔಷಧಿ ಎಂದು ಪಟ್ಟಿ ಮಾಡಿ, ಹಾಲಿನ ಡೈರಿಯ ಗೋಡೆಗೆ ಅಂಟಿಸಿದೆವು. ಪಟ್ಟಿಯ ಐಡಿಯಾ ನನ್ನ ಮಗನದು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುವ ಅವನಿಗೆ ಗಿಡಕ್ಕಿಂತ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ವರ್ಷ ನಡೆಯಿತು. ಯಾರಿಗೂ ಭಾರೀ ಬೆಲೆ ಸಿಗಲಿಲ್ಲ, ಯಾರ ಕಾಯಿಯೂ ಕೊಳೆಯಲಿಲ್ಲ. ಎರಡನೆಯ ವರ್ಷ ಒಂದು ಮನೆಯವರು ಮಗಳ ಮದುವೆಗೆ ಮುಂಗಡ ತೆಗೆದುಕೊಂಡು, ವ್ಯಾಪಾರಿ ಹೇಳಿದ ವಾರವೇ ಎಲ್ಲ ತುಂಡಿಗೂ ಔಷಧಿ ಬಿಟ್ಟರು. ಅವರನ್ನು ನೋಡಿ ಇನ್ನಿಬ್ಬರು. ಮುಯ್ಯಾಳು, ಕಂದಿನ ಕೊಡುಕೊಳ್ಳುವಿಕೆ ಎಲ್ಲ ಉಳಿದಿರುವ ಕೇರಿಯಲ್ಲೂ ಮುಂಗಡದ ಎದುರು ಮಾತಿನ ಕಟ್ಟು ನಿಲ್ಲಲಿಲ್ಲ. ಮದುವೆ ಖರ್ಚಿನವರನ್ನು ತಪ್ಪಿತಸ್ಥರೆಂದು ನಾನು ಹೇಳಲಾರೆ, ಆ ಮದುವೆಯಲ್ಲಿ ಪರಿವೇಷಣೆಗೆ ನಿಂತವರು ನಾವೇ. ತೊಂದರೆ ಇನ್ನೊಂದಿತ್ತು: ನಾವು ಹನ್ನೊಂದು ಮನೆ ಸರದಿ ಹಿಡಿದರೂ ಸುತ್ತಲಿನ ಊರುಗಳು ಒಟ್ಟಿಗೆ ಔಷಧಿ ಬಿಟ್ಟರೆ ನಮ್ಮ ಸರದಿ ಹೊಳೆಗೆ ಹಾಕಿದ ಹುಣಸೆಹಣ್ಣು.

ಆದ್ದರಿಂದ ಕೇಳುವುದು ಇಷ್ಟು. ರಾಜ್ಯದಲ್ಲಿ ಬೆಳೆ ಸಮೀಕ್ಷೆ ಪ್ರತಿ ಹಂಗಾಮಿಗೂ ನಡೆಯುತ್ತದೆ. ರೈತರೇ ಮೊಬೈಲಿನಲ್ಲಿ ಹೊಲದ ಚಿತ್ರ ತೆಗೆದು ಹಾಕುವ ವ್ಯವಸ್ಥೆಯೂ ಇದೆ. ಅದರಲ್ಲಿ ಅನಾನಸ್ ಇಷ್ಟು ಎಕರೆ ಎಂದು ದಾಖಲಾಗುತ್ತದೆ, ಪಹಣಿಯಲ್ಲಿ ಬರುತ್ತದೆ. ಬೆಲೆಯ ದೃಷ್ಟಿಯಿಂದ ಈ ಎಕರೆ ಲೆಕ್ಕ ಹೆಚ್ಚು ಪ್ರಯೋಜನವಿಲ್ಲದ್ದು, ಏಕೆಂದರೆ ಹೊಸದಾಗಿ ನೆಟ್ಟ ಎಕರೆ ಒಂದೂವರೆ ವರ್ಷ ಕಾಯಿ ಕೊಡುವುದಿಲ್ಲ, ಕೊಯ್ದ ಗಿಡದ ಬುಡದಿಂದಲೇ ಮತ್ತೆ ಎದ್ದ ಕೂಳೆ ಬೆಳೆಯ ಎಕರೆ ಅದಕ್ಕಿಂತ ಬೇಗ ಕೊಡುತ್ತದೆ, ಎರಡೂ ಕಾಗದದ ಮೇಲೆ ಒಂದೇ. ಆ ನಮೂನೆಗೆ ಹೂವಿನ ಔಷಧಿ ಬಿಟ್ಟ ತಾರೀಖು, ಬಿಟ್ಟ ಗಿಡಗಳ ಅಂದಾಜು ಸಂಖ್ಯೆ ಎಂಬ ಎರಡು ಅಂಕಣ ಸೇರಿಸಲಿ. ತೋಟಗಾರಿಕೆ ಇಲಾಖೆ ಅದನ್ನು ಹೋಬಳಿವಾರು ಕೂಡಿಸಿ, ಮುಂದಿನ ಆರು ತಿಂಗಳಲ್ಲಿ ಯಾವ ವಾರ ಎಷ್ಟು ಕಾಯಿ ಬರಬಹುದೆಂದು ತಿಂಗಳಿಗೊಮ್ಮೆ ಪ್ರಕಟಿಸಲಿ. ಸಹಕಾರ ಸಂಘದ ಫಲಕದ ಮೇಲೆ ಬರೆದರೂ ಸಾಕು. ಯಾರಿಗೂ ಯಾವ ನಿರ್ಬಂಧವೂ ಬೇಡ. ಏಪ್ರಿಲ್ ಎರಡನೆಯ ವಾರಕ್ಕೆ ಈಗಾಗಲೇ ಲೆಕ್ಕಕ್ಕಿಂತ ಹೆಚ್ಚು ಕಾಯಿ ಕಾದಿದೆ ಎಂದು ಗೋಡೆಯ ಮೇಲೆ ಕಂಡವನು ತಾನೇ ಹದಿನೈದು ದಿನ ತಡೆಯುತ್ತಾನೆ. ವ್ಯಾಪಾರಿಗಳಿಗೂ ಇದು ತಿಳಿಯುತ್ತದೆ, ಅವರು ಮೊದಲೇ ಬೆಲೆ ಇಳಿಸುತ್ತಾರೆಂದು ಕೆಲವರು ಆಕ್ಷೇಪಿಸಿದ್ದಾರೆ. ಹತ್ತಾರು ಊರು ಸುತ್ತುವ ವ್ಯಾಪಾರಿಗೆ ಈ ಲೆಕ್ಕ ಇಂದೂ ಗೊತ್ತಿದೆ. ಗೊತ್ತಿಲ್ಲದವರು ನಾವು ಮಾತ್ರ.

ಮುಂಗಡದ ಹಿಡಿತ ಸಡಿಲವಾಗಬೇಕಾದರೆ ಸಹಕಾರ ಸಂಘಗಳು ಅಡಿಕೆಗೆ ಕೊಡುವಂತೆ ಅನಾನಸ್ಸಿಗೂ, ಔಷಧಿ ಬಿಟ್ಟ ತಾರೀಖಿನ ಆಧಾರದ ಮೇಲೆ, ಆರು ತಿಂಗಳ ಸಣ್ಣ ಸಾಲ ಕೊಡುವುದನ್ನು ಯೋಚಿಸಬಹುದು. ಗಿಡದಲ್ಲಿ ಕೆಂಪು ಹೂ ಎದ್ದು ನಿಂತ ಮೇಲೆ ಅದಕ್ಕಿಂತ ಭದ್ರವಾದ ಜಾಮೀನು ಯಾವುದಿದೆ?

ಜಿಲ್ಲೆಯ ಗಡಿಯ ಬಗ್ಗೆಯೂ ಒಂದು ಮಾತು. ಒಂದು ಜಿಲ್ಲೆ ಒಂದು ಉತ್ಪನ್ನ ಎಂಬ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಅನಾನಸ್ ಎಂದು ಗುರುತಿಸಲಾಗಿದೆ. ನಮ್ಮ ಉತ್ತರ ಕನ್ನಡಕ್ಕೆ ಸಂಬಾರ ಪದಾರ್ಥ. ಕದಂಬರ ರಾಜಧಾನಿಯಾಗಿದ್ದ ಬನವಾಸಿ ಇರುವುದು ಶಿರಸಿ ತಾಲ್ಲೂಕಿನ ಅಂಚಿನಲ್ಲಿ, ಹೊರಗೆ ಕಾಲಿಟ್ಟರೆ ಸೊರಬ ತಾಲ್ಲೂಕು. ಗಡಿಯ ಆಚೀಚೆ ಒಂದೇ ಮಣ್ಣು, ಒಂದೇ ತಳಿ, ಒಂದೇ ವ್ಯಾಪಾರಿ. ಮೇಲೆ ಹೇಳಿದಂತೆ ನಮ್ಮ ಮನೆಯ ಕಂದೂ ಅಲ್ಲಿಂದಲೇ ಬಂದದ್ದು. ಹೂವಿನ ಲೆಕ್ಕವನ್ನು ಜಿಲ್ಲೆಯಿಂದ ಜಿಲ್ಲೆಗೆ ಬೇರೆ ಬೇರೆ ಮಾಡಿದರೆ ಅರ್ಧ ಲಾರಿಗಳನ್ನು ಎಣಿಸಿದಂತಾಗುತ್ತದೆ. ಶಿರಸಿ, ಸೊರಬ, ಸಾಗರ, ಹಾನಗಲ್ ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿಯೇ ಅದು ನಡೆಯಬೇಕು. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿರಸಿಯಲ್ಲಿ ತೋಟಗಾರಿಕೆ ಕಾಲೇಜಿದೆ. ಲೆಕ್ಕದ ನಮೂನೆ ಸಿದ್ಧಪಡಿಸಲು ಅಲ್ಲಿನ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆ ಸಾಕು.

ಈ ವರ್ಷ ಡೈರಿಯ ಗೋಡೆಗೆ ನಾವು ಮತ್ತೆ ಹೊಸ ಪಟ್ಟಿ ಅಂಟಿಸಿದ್ದೇವೆ. ಮಗಳ ಮದುವೆ ಮಾಡಿದ ಮನೆಯವರೇ ಮೊದಲು ಬಂದು ತಮ್ಮ ತಾರೀಖು ಬರೆಸಿದರು. ಪತ್ರ ಬರೆಯುವ ಈ ಹೊತ್ತಿಗೆ ಹನ್ನೊಂದರಲ್ಲಿ ಏಳು ಮನೆಗಳ ಹೆಸರಿನ ಮುಂದೆ ತಾರೀಖು ಬಿದ್ದಿದೆ. ನಾಲ್ಕು ಖಾಲಿ ಇವೆ, ಅದರಲ್ಲಿ ಒಂದು ಚಿಕ್ಕಪ್ಪನದು. ತಮಗೆ ಪಟ್ಟಿ ಏತಕ್ಕೆಂದು ಅವರು ಕೇಳುತ್ತಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅನಾನಸ್ ಬೆಳೆಗಾರ
ಬನವಾಸಿ ಹೋಬಳಿ, ಶಿರಸಿ ತಾಲ್ಲೂಕು